ಓಢಣಿ ಒಣಗುವಷ್ಟು ಹೊತ್ತು

ಹೋದ ವಾರ ಕಲಘಟಗಿಯ ನಮ್ಮ ಮನೆಗೆ ಎ.ಸಿ. ಬಂತು. ಕಾಡಿನ ಅಂಚಿನ ಊರಿಗೂ ಇದು ಬೇಕಾಯಿತಲ್ಲ ಎಂದು ಅತ್ತೆ ಗೊಣಗಿದರು. ಗೊಣಗುತ್ತಲೇ ಅದರ ಎದುರಿಗೆ ಕುರ್ಚಿಯನ್ನೂ ಹಾಕಿಸಿಕೊಂಡರು. ಹುಬ್ಬಳ್ಳಿಯಿಂದ ಬಂದಿದ್ದ ಮೆಕ್ಯಾನಿಕ್ ಕೂಡಿಸುವ ಕೆಲಸ ಮುಗಿಸಿ, ಮುಂಭಾಗದಲ್ಲಿ ಅಂಟಿಸಿದ್ದ ಸ್ಟಾರ್ ರೇಟಿಂಗಿನ ಚುಕ್ಕಿಗಳ ಲೇಬಲ್ಲಿಗೆ ಉಗುರು ಹಚ್ಚಿದ. "ಇದನ್ನ ಕಿತ್ತಬಿಡ್ತೀನ್ರಿ ಮೇಡಂ, ಚಂದ ಕಾಣ್ತೈತಿ" ಎಂದ. "ಕೈ ತಗೀರಿ ಮೊದಲ!" ಎಂದು ನಾನು ಒದರಿದ ರಭಸಕ್ಕೆ ಪಾಪ, ಸ್ಟೂಲಿನ ಮೇಲೆಯೇ ತಡವರಿಸಿದ.

ಆಮೇಲೆ ನಮ್ಮ ಮನೆಯವರು ಊದುಬತ್ತಿ ಬೆಳಗಿ, ಕುಂಕುಮದ ಬೆರಳನ್ನು ಸೀದಾ ಅದೇ ಲೇಬಲ್ಲಿನ ಕಡೆ ಒಯ್ದರು. ಅವರ ಮಣಿಕಟ್ಟನ್ನೂ ಹಿಡಿದೆ. "ಬಾಜೂಕ್ಕ ಹಚ್ಚರಿ, ಅದರ ಮ್ಯಾಲ ಬ್ಯಾಡ." ಅವರಿಗೆ ಕಥೆ ಗೊತ್ತು, ಸುಮ್ಮನೆ ನಕ್ಕರು. ಮೆಕ್ಯಾನಿಕ್ ಮಾತ್ರ ನನ್ನನ್ನು ಒಂಥರಾ ನೋಡಿ ಚಹಾ ಕುಡಿದು ಹೋದ. ಎ.ಸಿ.ಯ ಮೊದಲ ಗಾಳಿಗೆ ಹೊಸ ಪ್ಲಾಸ್ಟಿಕ್ಕಿನ ವಾಸನೆ ಇತ್ತಂತೆ. ನನ್ನ ಮೂಗಿಗೆ ಮಾತ್ರ ಹಸಿ ಮಣ್ಣು, ಬೇವಿನ ಎಲೆಗಳ ವಾಸನೆಯೇ ಬಂತು.

ನಾನು ಪ್ರೌಢಶಾಲೆಯ ಗಣಿತ ಶಿಕ್ಷಕಿ. ಕೆಲವು ವರ್ಷಗಳ ಹಿಂದೆ, ಶೈಕ್ಷಣಿಕ ವರ್ಷದ ನಡುವೆಯೇ, ಶಲವಡಿಯ ಆಚೆಗಿನ ಒಂದು ಹಳ್ಳಿಗೆ ನನ್ನನ್ನು ನಿಯೋಜನೆಯ ಮೇಲೆ ಕಳಿಸಿದರು. ಅಲ್ಲಿ ಗಣಿತಕ್ಕೆ ಯಾರೂ ಇರಲಿಲ್ಲ, ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬರುತ್ತಿತ್ತು. ಗಿಡಮರಗಳ ನಡುವೆ ಬೆಳೆದ ನನಗೆ ಆ ಎರೆಭೂಮಿ ಮೊದಲ ದಿನವೇ ಸಿಟ್ಟು ತರಿಸಿತು. ಎತ್ತ ನೋಡಿದರೂ ಕರಿ ಹೊಲ, ಅದರ ಮೇಲೆ ಆಕಾಶ, ನಡುವೆ ನೆರಳು ಅನ್ನುವ ಪದಾರ್ಥವೇ ಇಲ್ಲ. ಚಳಿಗಾಲವನ್ನು ಹೇಗೋ ಕಳೆದೆ. ಕಡಲೆ ಕಿತ್ತರು, ಅಂಗಳದಲ್ಲೆಲ್ಲ ಕೆಂಪು ಮೆಣಸಿನಕಾಯಿ ಹರವಿದರು. ನಾನು ದಿನಾ ಸೀನುತ್ತ ಪ್ರಮೇಯ ಹೇಳಿಕೊಟ್ಟೆ. ಫೆಬ್ರುವರಿ ಬಂದದ್ದೇ ತಡ, ಬಿಸಿಲು ತನ್ನ ಬುದ್ಧಿ ತೋರಿಸತೊಡಗಿತು.

ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವಾಗ ಒಂದು ಪತ್ರಿಕೆ ಕೈಗೆ ಬಂತು. ಬಿಸಿಲಲ್ಲಿ ಒಣಗಿಸಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಶಾಯಿ ಪುಟದ ತುಂಬ ಹರಡಿ, ಮೂರು ದೊಡ್ಡ ಲೆಕ್ಕಗಳಲ್ಲಿ ಮೊದಲ ಸಾಲು ಬಿಟ್ಟರೆ ಏನೂ ಓದಲು ಬರುತ್ತಿರಲಿಲ್ಲ. ಓದಲು ಬಾರದ್ದಕ್ಕೆ ಅಂಕ ಕೊಡುವ ಪೈಕಿ ನಾನಲ್ಲ. ಮೂರಕ್ಕೂ ಸೊನ್ನೆ ಸುತ್ತಿದೆ. ಮರುದಿನ ತರಗತಿಯಲ್ಲಿ ಆ ಪತ್ರಿಕೆ ಎತ್ತಿ ಹಿಡಿದು, "ಏನವ್ವಾ ರುಬೀನಾ, ಬಾವ್ಯಾಗ ಕುಂತು ಬರದೀಯೇನು?" ಎಂದೆ.

ನನ್ನ ಚೇಷ್ಟೆಗೆ ಯಾವಾಗಲೂ ನಗುವ ತರಗತಿ ಅವತ್ತು ನಗಲಿಲ್ಲ. ಬಾಗಿಲ ಬದಿಯ ಬೆಂಚಿನಿಂದ ರುಬೀನಾ ಎದ್ದು ನಿಂತಳು. ಚಳಿಗಾಲವೆಲ್ಲ ಒಣಗಿದ್ದ ತಲೆಯ ಮೇಲಿನ ಓಢಣಿಯಿಂದ ಈಗ ನೀರು ತೊಟ್ಟಿಕ್ಕುತ್ತಿತ್ತು, ತೋಳುಗಳು ಒದ್ದೆಯಾಗಿದ್ದವು. ಪಕ್ಕದವಳು ಹೇಳಿದಳು: "ಅಕ್ಕೋರ, ಆಕಿಗೆ ಬೆವರು ಬರಂಗಿಲ್ಲರಿ."

ಹುಟ್ಟಿದಾಗಿನಿಂದ ರುಬೀನಾಳ ಮೈಯಲ್ಲಿ ಬೆವರಿನ ಗ್ರಂಥಿಗಳೇ ಇಲ್ಲ. ಬಿಸಿಲು ಏರಿದರೆ ನಮ್ಮ ಮೈ ಬೆವರಿ ತಣ್ಣಗಾಗುತ್ತದೆ. ಅವಳ ಮೈ ಕಾಯುತ್ತಲೇ ಹೋಗುತ್ತದೆ. ಆಮೇಲೆ ಜ್ವರ, ತಲೆಸುತ್ತು, ಬೀಳುವುದು. ಅದಕ್ಕೇ ಬೇಸಗೆಯಲ್ಲಿ ಅವಳು ಓಢಣಿ, ತೋಳು ಎಲ್ಲವನ್ನೂ ನೀರಲ್ಲಿ ತೋಯಿಸಿಕೊಂಡೇ ಇರಬೇಕು. ಬಾಲ್ ಪೆನ್ನು ಹಿಡಿದರೆ ಒದ್ದೆ ಕಾಗದ ಹರಿಯುತ್ತದೆ, ಜೆಲ್ ಪೆನ್ನು ಹಿಡಿದರೆ ಶಾಯಿ ಹರಡುತ್ತದೆ. ಊರಿಗೆಲ್ಲ ಗೊತ್ತಿದ್ದ ಈ ಸಂಗತಿಯನ್ನು ಹೊಸದಾಗಿ ಬಂದ ನನಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಅವತ್ತು ಪಟ್ಟ ನಾಚಿಕೆಯನ್ನು ನಾನು ಇಂದಿಗೂ ಮರೆತಿಲ್ಲ.

ಸಂಜೆ ಅವಳ ಮನೆಗೆ ಹೋದೆ. ತಂದೆ ದಾವಲಸಾಬ ಗೌಂಡಿ, ಮನೆ ಕಟ್ಟುವ ಕೆಲಸದವರು. ಮಿತಭಾಷಿ. ತಾಯಿ ಮಮ್ತಾಜ ಒಗ್ಗರಣೆ ಚುರಮರಿ ಕೊಟ್ಟು, ನಾನು ಕ್ಷಮೆಯ ಮಾತು ತೆಗೆಯುವ ಮೊದಲೇ ಚಿಂತೆಯ ಮಾತು ತೆಗೆದರು. "ಒಂಬತ್ತನೇತ್ತಾ ತನಕಾ ಹೆಡ್‌ಮಾಸ್ತರು ಮುಂಜಾನೆ ತಂಪೊತ್ತಿನ್ಯಾಗ ಪರೀಕ್ಷಾ ತಗೊಂಡ್ರರಿ. ಹತ್ತನೇತ್ತಾದ್ದು ಹಂಗಲ್ಲಂತ. ಮಟಮಟ ಮಧ್ಯಾಹ್ನದ ತನಕಾ ಬರೀಬೇಕಂತ. ಒದ್ದಿ ಅರಬಿ ಹಾಕ್ಕೊಂಡು ಬರದ್ರ ಪೇಪರ್ ಹಾಳಾಕ್ಕೈತಿ. ಒಣಾ ಹಾಕ್ಕೊಂಡ್ರ ಮಗಳ..." ಅಲ್ಲಿಗೇ ನಿಲ್ಲಿಸಿದರು.

ಮಳೆಗಾಲದಲ್ಲಿ ಪೂರಕ ಪರೀಕ್ಷೆ ಇರುತ್ತದಲ್ಲ, ಆಗ ಬರೆದರಾಯಿತು ಎಂದೆ. ಮೂಲೆಯಲ್ಲಿ ಕೂತಿದ್ದ ರುಬೀನಾ ತಲೆ ಎತ್ತಿದಳು. "ಅದು ಫೇಲಾದವ್ರ ಪರೀಕ್ಷಾರಿ ಅಕ್ಕೋರ. ನಾ ಫೇಲ್ ಆಗಿಲ್ಲಲ್ಲ. ನಮ್ಮ ಕ್ಲಾಸಿನವ್ರ ಜೋಡಿನ ಬರೀತೀನಿ." ಆ ಮಾತು ಕೇಳಿದ ಮೇಲೆ ನನಗೆ ಬೇರೆ ದಾರಿ ಉಳಿಯಲಿಲ್ಲ.

ಹೊರಡುವಾಗ ಅವಳ ಗಣಿತದ ನೋಟುಬುಕ್ಕು ತಿರುವಿ ಹಾಕಿದೆ. ಹಿಂದಿನ ಪುಟಗಳಲ್ಲಿ ಪೆನ್ಸಿಲ್ಲಿನ ಒಂದು ಪಟ್ಟಿ ಇತ್ತು. ಮಸೀದಿ ಮುಂದಿನ ಬೇವಿನ ನೆರಳು, ಬಸ್ ನಿಲ್ದಾಣದ ಕಲ್ಲುಕಟ್ಟೆ, ನಮ್ಮ ತರಗತಿ, ಕಂಪ್ಯೂಟರ್ ಖೋಲಿ, ಅಕ್ಕಿ ಖೋಲಿ. ಒಂದೊಂದರ ಎದುರೂ ತಿಂಗಳು, ಹೊತ್ತು, ನಿಮಿಷ. ಏನಿದು ಎಂದೆ. "ಓಢಣಿ ಒಣಗೂ ಲೆಕ್ಕರಿ. ಎಲ್ಲಿ ಎಷ್ಟು ಹೊತ್ತು ಕುಂಡರಬಹುದು ಅಂತ ನೋಡಾಕ." ಭೇಷ್ ಎಂದು ಬೆನ್ನು ತಟ್ಟಿ ಪುಸ್ತಕ ಮುಚ್ಚಿ ಕೊಟ್ಟೆ. ಅದನ್ನು ಸರಿಯಾಗಿ ಓದಿದ್ದರೆ ಮೂರು ವಾರ ಉಳಿಯುತ್ತಿತ್ತು.

ತಂಪು ಕೋಣೆಯಲ್ಲಿ ಒಣ ಬಟ್ಟೆಯಲ್ಲೇ ಕೂತು ಬರೆಯಲಿ ಎಂದು ಪರೀಕ್ಷಾ ಮಂಡಳಿಗೆ ಅರ್ಜಿ ಹಾಕಿ, ಪ್ರತ್ಯೇಕ ಕೊಠಡಿಗೆ ಅನುಮತಿ ಪಡೆದೆವು. ಕೊಠಡಿಯನ್ನು ತಂಪು ಮಾಡುವುದು ನಿಮ್ಮ ಜವಾಬ್ದಾರಿ ಎಂದರು. ಹೆಡ್‌ಮಾಸ್ತರರು ಹುಬ್ಬಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಹಳೆಯ ವಿದ್ಯಾರ್ಥಿ ಈರಣ್ಣ ಶೆಟ್ಟರಿಗೆ ಫೋನು ಮಾಡಿದರು. ಶೆಟ್ಟರು ಉದಾರಿ. ಅಂಗಡಿ ಹೊಸದು ಮಾಡಿಸುತ್ತಿದ್ದರು, ಅಲ್ಲಿದ್ದ ಎರಡು ಟನ್ನಿನ ಎ.ಸಿ.ಯನ್ನು ಎಂಟು ದಿನದಲ್ಲಿ ಕಳಿಸಿಯೇ ಬಿಟ್ಟರು. ಲೇಬಲ್ಲಿನ ಮೇಲೆ ಐದು ಚುಕ್ಕಿ. ಗಣಿತದ ಟೀಚರು ನಾನು, ಒಂದರಿಂದ ಐದರವರೆಗೆ ಎಣಿಸಿ ಖುಷಿಪಟ್ಟೆ. ಐದಕ್ಕೆ ಐದು, ಇನ್ನೇನು ಬೇಕು?

ಶಾಲೆಯಲ್ಲಿ ಎಲ್ಲಕ್ಕಿಂತ ಹೊಸದು ಅಂದರೆ ಕಂಪ್ಯೂಟರ್ ಖೋಲಿ. ತಗಡಿನ ಸೂರು, ಪಶ್ಚಿಮಕ್ಕೆ ಎರಡು ದೊಡ್ಡ ಕಿಟಕಿ. ಎ.ಸಿ. ಇಂಥ ಖೋಲಿಗೇ ಶೋಭೆ ಎಂದು ಎಲ್ಲರೂ ಒಪ್ಪಿ ಅಲ್ಲಿಯೇ ಕೂಡಿಸಿದರು. ಪೂಜೆಯಾಯಿತು. ಹೆಡ್‌ಮಾಸ್ತರರು ತೆಂಗಿನಕಾಯಿ ಒಡೆದು, ಲೇಬಲ್ಲಿನ ತಲೆಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ದೊಡ್ಡ ಕುಂಕುಮ ಇಟ್ಟರು. ಶೆಟ್ಟರ ಹೆಸರಿನ ಫಲಕ ಬಾಗಿಲಿಗೆ ಬಂತು. ರುಬೀನಾ ಮೂಲೆಯಲ್ಲಿ ನಿಂತು ತಗಡನ್ನೇ ನೋಡುತ್ತಿದ್ದಳು. ಆಗಲೂ ನಾನು ಅವಳನ್ನು ಏನೆಂದು ಕೇಳಲಿಲ್ಲ.

ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ಒಂದು ಮಧ್ಯಾಹ್ನ ಅವಳನ್ನು ಒಣ ಬಟ್ಟೆಯಲ್ಲಿ ಕೂರಿಸಿ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟೆವು. ಎ.ಸಿ. ಗುಡುಗಿತು. ಖೋಲಿಯ ದೀಪಗಳು ಮಂಕಾದವು. ಹತ್ತು ನಿಮಿಷಕ್ಕೆ ತಾನಾಗಿ ಬಂದ್ ಆಯಿತು, ಮತ್ತೆ ಗುಡುಗಿತು, ಮತ್ತೆ ಬಂದ್. ಎದುರಿನ ಹಿಟ್ಟಿನ ಗಿರಣಿಯವರು ಮೈಯೆಲ್ಲ ಬಿಳಿ ಮಾಡಿಕೊಂಡು ಬಂದು, "ಏನ್ ಹಚ್ಚೀರಿ ಸಾಲ್ಯಾಗ? ನನ್ನ ಮೋಟರ್ ತಿರಗವಲ್ದು!" ಎಂದು ಜಗಳಕ್ಕೆ ನಿಂತರು. ಅಷ್ಟರಲ್ಲಿ ರುಬೀನಾಳ ಮುಖ ಕೆಂಡದಂತಾಗಿತ್ತು. ಪೆನ್ನು ಕೈಯಿಂದ ಬಿತ್ತು. ಬಾಗಿಲಲ್ಲಿ ಕಾಯುತ್ತಿದ್ದ ಮಮ್ತಾಜ ಓಡಿ ಬಂದು ಒಂದು ಕೊಡ ನೀರನ್ನು ಮಗಳ ತಲೆಯ ಮೇಲೆ ಸುರಿದರು. ಪ್ರಶ್ನೆಪತ್ರಿಕೆ ನೀರಲ್ಲಿ ತೇಲಿತು.

ಮೋಟರ್ ರಿವೈಂಡಿಂಗ್ ಅಂಗಡಿಯ ನಿಂಗಪ್ಪನನ್ನು ಕರೆಸಿದೆವು. ಸುತ್ತಲ ಊರಿನ ಪಂಪು, ಮಿಕ್ಸಿ, ಫ್ರಿಜ್ಜು ಎಲ್ಲಕ್ಕೂ ಅವನೇ ವೈದ್ಯ. ಎ.ಸಿ.ಯನ್ನು ಬಿಚ್ಚಲೂ ಇಲ್ಲ. ಹೆಬ್ಬೆರಳಿಗೆ ಉಗುಳು ಹಚ್ಚಿ ಲೇಬಲ್ಲಿನ ಮೇಲಿನ ವಿಭೂತಿ ಒರೆಸಿದ. ಹೆಡ್‌ಮಾಸ್ತರರ ಮುಖ ಸಣ್ಣದಾಯಿತು. ಅದರಡಿ ಸಣ್ಣ ಅಕ್ಷರದಲ್ಲಿ ಒಂದು ಇಸವಿ ಇತ್ತು.

"ಅಕ್ಕೋರ, ಚುಕ್ಕಿ ಎಣಸೂಕಿಂತ ಮೊದಲ ಇಸವಿ ನೋಡಬೇಕ್ರಿ. ಇದು ಆವಾಗಿನ ಐದು. ನಾಕೈದು ವರ್ಷಕ್ಕೊಮ್ಮಿ ಪರೀಕ್ಷಾ ಬಿಗಿ ಮಾಡ್ತಾರ. ಇವತ್ತ ಇದನ್ನ ಪರೀಕ್ಷಾಕ್ಕ ಕುಂಡರಿಸಿದ್ರ ಎರಡು ಚುಕ್ಕಿ ಬಂದ್ರ ದೊಡ್ಡ ಮಾತು."

"ಆದ್ರ ಐದು ಚುಕ್ಕಿ ಅಂದ್ರ ಅಗದಿ ತಂಪು ಅಲ್ಲೇನೋ?" ಎಂದರು ಹೆಡ್‌ಮಾಸ್ತರರು.

"ಅಲ್ಲರಿ ಸರ. ತಂಪು ಎಷ್ಟು ಅನ್ನೂದು ಟನ್ನಿನ ಮ್ಯಾಲ. ಅಷ್ಟು ತಂಪು ಕೊಡಾಕ ಎಷ್ಟು ಕರೆಂಟ್ ತಿಂತೈತಿ ಅನ್ನೂದು ಚುಕ್ಕಿ ಮ್ಯಾಲ. ಚುಕ್ಕಿ ಹೆಚ್ಚಾದಷ್ಟು ಕಡಿಮಿ ಉಣ್ಣತೈತಿ. ಈ ಹಳೀ ಮಷಿನ್ ಚಾಲೂ ಆಗೂ ಮುಂದ ಒಮ್ಮೆಲೆ ಎಳೀತೈತಿ, ನಮ್ಮೂರ ಲೈನಿಗೆ ತಡ್ಯಾಕ ಆಗಂಗಿಲ್ಲ. ಈಗಿನ ಸಣ್ಣ ಇನ್ವರ್ಟರ್ ಮಷಿನ್ ಮೆಲ್ಲಕ ಏಳ್ತಾವ, ಮೆಲ್ಲಕ ಉಣ್ಣತಾವ." ತಲೆ ಎತ್ತಿ ತಗಡು ನೋಡಿದ. "ಆದ್ರ ಯಾವ ಮಷಿನ್ ತಂದ್ರೂ ಈ ತಗಡಿನ ಬುಡಕ ಏನೂ ನಡ್ಯಂಗಿಲ್ಲ. ಮಷಿನ್ನಿಗೆ ಚುಕ್ಕಿ ಕೊಡ್ತಾರ, ಖೋಲಿಗೆ ಯಾರು ಕೊಡ್ತಾರ್ರಿ?"

ಆಗ ನನಗೆ ಆ ಪೆನ್ಸಿಲ್ಲಿನ ಪಟ್ಟಿ ನೆನಪಾಯಿತು. ರುಬೀನಾಳ ಚೀಲದಿಂದ ನೋಟುಬುಕ್ಕು ತೆಗೆಸಿದೆ. ಮಾರ್ಚ್ ತಿಂಗಳು, ಮಧ್ಯಾಹ್ನ ಹನ್ನೆರಡು. ಕಂಪ್ಯೂಟರ್ ಖೋಲಿ: ಹನ್ನೆರಡು ನಿಮಿಷ. ನಮ್ಮ ತರಗತಿ: ಇಪ್ಪತ್ತು. ಬೇವಿನ ನೆರಳು: ಹದಿನೈದು. ಅಕ್ಕಿ ಖೋಲಿ: ಐವತ್ತು ನಿಮಿಷ. ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು, ಎಲ್ಲದರಲ್ಲೂ ಅಕ್ಕಿ ಖೋಲಿಯೇ ಮೊದಲು.

"ನಿನಗ ಗೊತ್ತಿತ್ತಲ್ಲವಾ, ಯಾಕ ಹೇಳಲಿಲ್ಲ?" ಎಂದೆ.

"ನೀವು ನೋಡಿದ್ರಲ್ಲರಿ ಅಕ್ಕೋರ. ನೋಡಿ ಭೇಷ್ ಅಂದ್ರಿ" ಎಂದಳು.

ಅಕ್ಕಿ ಖೋಲಿ ಎಂದರೆ ಬಿಸಿಯೂಟದ ಅಕ್ಕಿ ಬೇಳೆ ಇಡುವ ಕೋಣೆ. ಶಾಲೆ ಮೊಟ್ಟಮೊದಲು ಶುರುವಾದ ಹಳೆಯ ಕಟ್ಟಡದಲ್ಲಿ ಉಳಿದ ಒಂದೇ ಕೋಣೆ ಅದು. ಮೊಳಕ್ಕಿಂತ ದಪ್ಪನೆಯ ಮಣ್ಣಿನ ಗೋಡೆ, ಮೇಲೆ ಮರದ ಜಂತಿ, ಜಂತಿಯ ಮೇಲೆ ಮಣ್ಣು ಬಡಿದ ಚಪ್ಪಟೆ ಸೂರು, ಅದೇ ಮಾಳಿಗೆ. ಬೆಳಕಿಗೆ ಸೂರಿನಲ್ಲಿ ಒಂದು ಕಿಂಡಿ. ಹಳೆಯದು, ಇಲಿ ಇವೆ, ಮಳೆಗಾಲದಲ್ಲಿ ಸೋರುತ್ತದೆ ಎಂದು ಎಲ್ಲರೂ ಮೂಗು ಮುರಿಯುವ ಕೋಣೆ. ಸಾಮಾನು ಹೊರುವ ನೆಪದಲ್ಲಿ ರುಬೀನಾ ಮಾತ್ರ ಅಲ್ಲಿ ಹೋಗಿ ಕೂರುತ್ತಿದ್ದಳು.

ಅಲ್ಲಿಯೇ ಸಣ್ಣ ಇನ್ವರ್ಟರ್ ಎ.ಸಿ. ಹಾಕಿಸಿ ಪರೀಕ್ಷೆ ಬರೆಸುವುದೆಂದು ಆಯಿತು, ಉಳಿದದ್ದು ಶೆಟ್ಟರ ಪ್ರಶ್ನೆ. "ಫಲಕಾ ಹಚ್ಚಿ ಪೂಜಾ ಮಾಡೀವಿ. ನಿಮ್ಮ ಮಷಿನ್ ಬ್ಯಾಡ ಅಂತ ಹ್ಯಾಂಗ ಹೇಳೂಣು?" ಎಂದು ಹೆಡ್‌ಮಾಸ್ತರರು ಕೈ ಹಿಸುಕಿಕೊಂಡರು. ನಾನೇ ಫೋನು ಮಾಡಿದೆ. ಶೆಟ್ಟರ ಮನಸ್ಸಿಗೆ ಚುಚ್ಚಿತು. "ನಮ್ಮ ಅಂಗಡ್ಯಾಗ ಇಷ್ಟು ವರ್ಷ ತಂಪು ಕೊಟ್ಟೈತಿ, ನಿಮಗ ಸಾಲವಲ್ದಾತೇನು?" ಎಂದು ಫೋನು ಇಟ್ಟರು. ಎರಡು ದಿನ ಬಿಟ್ಟು, ಹೇಳದೆ ಕೇಳದೆ, ಒಂದು ನಡುಮಧ್ಯಾಹ್ನ ಕಾರಿನಿಂದ ಇಳಿದರು.

ನಾನು ವಾದಕ್ಕೆ ಸಿದ್ಧಳಾಗಿದ್ದೆ. ರುಬೀನಾ ವಾದ ಮಾಡಲಿಲ್ಲ. ಎರಡು ಓಢಣಿ ತೋಯಿಸಿ, ಹಿಂಡಿ, ಒಂದನ್ನು ಶೆಟ್ಟರ ಕೈಗೆ ಕೊಟ್ಟು, "ಕಾಕಾರ, ಇದನ್ನ ಹೆಗಲ ಮ್ಯಾಲ ಹಾಕ್ಕೊಂಡು ಇಲ್ಲೇ ಕುಂಡರ್ರಿ" ಎಂದು ಕಂಪ್ಯೂಟರ್ ಖೋಲಿಯಲ್ಲಿ ಕೂರಿಸಿದಳು. ಎ.ಸಿ. ಹಚ್ಚಲಿಲ್ಲ. ಹನ್ನೊಂದು ನಿಮಿಷಕ್ಕೆ ಓಢಣಿ ಗರಿಗರಿಯಾಯಿತು, ಶೆಟ್ಟರ ಅಂಗಿ ಮಾತ್ರ ಒದ್ದೆಯಾಯಿತು. ಆಮೇಲೆ ಅಕ್ಕಿ ಖೋಲಿಗೆ ಕರೆದುಕೊಂಡು ಹೋಗಿ, ಚೀಲದ ಮೇಲೆ ಕೂರಿಸಿ, ಎರಡನೆಯದನ್ನು ಹಾಕಿದಳು. ಇಪ್ಪತ್ತು ನಿಮಿಷವಾದರೂ ಓಢಣಿ ಹಸಿಯಾಗಿಯೇ ಇತ್ತು. ಶೆಟ್ಟರು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು, ನಿದ್ದೆ ಹತ್ತಿತೇನೋ ಅಂದುಕೊಂಡೆವು.

ಕಣ್ಣು ತೆರೆದು, "ಈ ಖೋಲ್ಯಾಗ ನಾ ಒಂದನೇತ್ತಾ ಕಲ್ತೀನಿ" ಎಂದರು. ಎದ್ದು ನಿಂತು ಓಢಣಿ ಮಡಚಿ ಅವಳಿಗೆ ಕೊಟ್ಟರು. "ನಿಂಗಪ್ಪಾ, ಯಾವ ಮಷಿನ್ ಬೇಕಂತ ಬರದು ಕೊಡು. ಆ ಫಲಕಾನೂ ತಗದು ಇಲ್ಲೆ ಹಚ್ಚರಿ."

ಇನ್ನು ಮಾಳಿಗೆಯ ಕೆಲಸ. ಆ ಕಡೆ ಮಣ್ಣಿನ ಮಾಳಿಗೆಗೆ ಮಳೆಗಾಲದ ಮುಂಚೆ ಸವಳು ಮಣ್ಣು ಹಾಕಿಸುವ ರೂಢಿ. ಬಿಳಿಚಿದ ಆ ಮಣ್ಣು ನೀರು ಇಳಿಯಗೊಡುವುದಿಲ್ಲ, ಬಿಸಿಲೂ ಇಳಿಯುವುದಿಲ್ಲ. ಅಕ್ಕಿ ಖೋಲಿಗೆ ಎಷ್ಟೋ ವರ್ಷದಿಂದ ಯಾರೂ ಹಾಕಿರಲಿಲ್ಲ. ದಿನವೆಲ್ಲ ಸಿಮೆಂಟಿನ ಸ್ಲ್ಯಾಬು ಹಾಕುವ ದಾವಲಸಾಬ ಅವತ್ತು ಮೊದಲ ಬಾರಿಗೆ ತಾವಾಗಿ ಮಾತಾಡಿದರು. "ನಮ್ಮಪ್ಪ ಮಾಡೂದು ನೋಡೀನ್ರಿ. ನಾ ಮಾಡ್ತೀನಿ." ಗಿರಣಿಯವರು ಜಗಳ ಮರೆತು ಟ್ರ್ಯಾಕ್ಟರ್ ಕೊಟ್ಟರು. ಊರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬುಟ್ಟಿ ಹೊತ್ತರು. ಜಂತಿಯ ಮೇಲೆ ಬೇವಿನ ಎಲೆಗಳನ್ನು ದಪ್ಪಗೆ ಹರವಿ, ಅದರ ಮೇಲೆ ಮಣ್ಣು ಹಾಕಿ, ನೀರು ಚಿಮುಕಿಸಿ ಬಡಿದರು. "ಮಳಿ ಎಲ್ಲೈತಿ, ಈಗ್ಯಾಕ ಮಾಳಿಗಿ ಬಡೀತೀರಿ?" ಎಂದು ದಾರಿಯವರು ಕೇಳಿದರೆ, ಮಮ್ತಾಜ ಬುಟ್ಟಿ ಇಳಿಸದೆಯೇ, "ಪರೀಕ್ಷಾ ಬಂದೈತ್ರಿ" ಎನ್ನುತ್ತಿದ್ದರು. ಮೂರು ದಿನ ಇಡೀ ಶಾಲೆಗೆ ಹಸಿ ಮಣ್ಣು, ಬೇವಿನ ವಾಸನೆ.

ಹೊಸ ಎ.ಸಿ. ಒಂದೇ ಟನ್ನಿನದು, ಆ ವರ್ಷದ ಲೇಬಲ್ಲಿನ ಐದು ಚುಕ್ಕಿಯದು. ಈ ಸಲ ಹೆಡ್‌ಮಾಸ್ತರರು ಕುಂಕುಮವನ್ನು ಹುಷಾರಾಗಿ ಪಕ್ಕಕ್ಕೆ ಹಚ್ಚಿದರು. ಆದರೆ ರಿಮೋಟು ಕೈಗೆ ಸಿಕ್ಕಿದ್ದೇ ಹದಿನಾರಕ್ಕೆ ಇಟ್ಟು ಶಾಲು ಹೊದ್ದು ಕೂತರು. ನಿಂಗಪ್ಪ ರಿಮೋಟು ಕಿತ್ತುಕೊಂಡು ಇಪ್ಪತ್ತಾರಕ್ಕೆ ತಂದ. ಹಳೆಯ ಸೀರೆ ಸೀಳಿ ಬಾಗಿಲ ಸಂದು ಮುಚ್ಚಿಸಿದ, ಸೂರಿನ ಕಿಂಡಿಗೆ ಗಾಜು ಹಾಕಿಸಿದ. ಕೊನೆಗೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಒಳಗೆ ತೂಗುಹಾಕಿದ: ಕರೆಂಟ್ ಹೋದರೆ ಬಾಗಿಲು ತೆಗೆಯಬಾರದು.

ಮೊದಲ ಪತ್ರಿಕೆಗಳು ಸುಸೂತ್ರವಾದವು. ಗಣಿತದ ದಿನ ಗಣಿತದವರು ಪರೀಕ್ಷಾ ಕೇಂದ್ರದೊಳಗೆ ಇರುವಂತಿಲ್ಲ. ನಾನು, ಮಮ್ತಾಜ ಗೇಟಿನ ಹೊರಗೆ, ಗಿರಣಿಯ ಗೋಡೆಯ ಗೇಣಷ್ಟು ನೆರಳಿನಲ್ಲಿ ನಿಂತಿದ್ದೆವು. ಮಮ್ತಾಜರ ಕಂಕುಳಲ್ಲಿ ಕೊಡ, ಕೊಡದ ನೀರಲ್ಲಿ ಮುಳುಗಿಸಿದ ಓಢಣಿ. ಹನ್ನೆರಡು ಹೊಡೆದು ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಒಂದೇ ಸಮನೆ ಗುಡುಗುತ್ತಿದ್ದ ಗಿರಣಿ ನಿಂತುಹೋಯಿತು. ಕರೆಂಟು ಹೋಗಿತ್ತು.

ನಿಂಗಪ್ಪ ಸೈಕಲ್ಲು ಹತ್ತಿ ಟ್ರಾನ್ಸ್‌ಫಾರ್ಮರ್ ಕಡೆ ಓಡಿದ. ತಿರುಗಿ ಬಂದು, ಮುಂದೆಲ್ಲೋ ಲೈನ್ ಹೋಗಿದೆ, ಯಾವಾಗ ಬರುತ್ತದೋ ಗೊತ್ತಿಲ್ಲ ಎಂದ. ಮಮ್ತಾಜ ಗೇಟಿನ ಪೊಲೀಸರ ಮುಂದೆ ಕೊಡ ಎತ್ತಿ ಹಿಡಿದರು. "ನನ್ನ ಬಿಡಬ್ಯಾಡ್ರಿ, ಈ ಅರಬಿಯಷ್ಟ ಒಳಗ ಕಳಸ್ರಿ." ಅವರು ಪಾಪ ಒಳಗೆ ಹೋಗಿ ಬಂದು, "ಹುಡುಗಿ ಬರ್ಯಾಕತ್ತಾಳ. ಬಾಗಲಾ ತಗೀಬ್ಯಾಡ್ರಿ ಅಂತ ಒಳಗಿನ ಸರ್ ಹೇಳಿದ್ರು" ಎಂದರು. ಒಂದು ತಾಸು ಹೋಯಿತು. ಗೋಡೆಯ ನೆರಳೂ ಕಾಲಡಿಗೆ ಬಂದು ಮುಗಿಯಿತು. ಗಿರಣಿ ಸುಮ್ಮನೇ ಇತ್ತು. ದೇವರಲ್ಲಿ ಅಷ್ಟೇನೂ ನಂಬಿಕೆ ಇಲ್ಲದ ನಾನು ಅವತ್ತು ಎಲ್ಲ ದೇವರನ್ನೂ ಕರೆದೆ. ಇನ್ನೂ ಅರ್ಧ ತಾಸು ಕಳೆದು ಗಂಟೆ ಹೊಡೆಯಿತು.

ಆ ವರ್ಷದ ಫಲಿತಾಂಶ ಏನಾಯಿತು ಎಂದು ಕಥೆ ಕೇಳಿದವರೆಲ್ಲ ಕೇಳುತ್ತಾರೆ. ಗಣಿತದಲ್ಲಿ ಶಾಲೆಗೇ ಮೊದಲು ಬಂದಳು. ಈಗ ಧಾರವಾಡದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ. ಅಕ್ಕಿ ಖೋಲಿಗೆ ಈಗಲೂ ಪ್ರತಿ ಮಾರ್ಚಿನಲ್ಲಿ ದಾವಲಸಾಬರೇ ಮಣ್ಣು ಹಾಕುತ್ತಾರೆ. ಆದರೆ ನನಗೆ ಹೋದ ವಾರ ನಮ್ಮ ಮನೆಯ ಹೊಸ ಎ.ಸಿ.ಯ ಮುಂದೆ ನಿಂತಾಗ ನೆನಪಾದದ್ದು ಅಂಕಗಳಲ್ಲ, ಆ ಗೇಟು.

ಅವತ್ತು ಗಂಟೆ ಹೊಡೆದ ಮೇಲೆ ಮಕ್ಕಳ ಗುಂಪಿನ ಹಿಂದೆ ರುಬೀನಾ ಬಂದಳು. ತೋಳು ಒಣಗಿತ್ತು, ಬೆರಳಿಗೆ ಶಾಯಿ ಹತ್ತಿತ್ತು, ಮುಖ ಯಾವತ್ತಿನ ಹಾಗೇ ಇತ್ತು. ನಮ್ಮಿಬ್ಬರನ್ನೂ ನೋಡಿ, ಆಮೇಲೆ ನಮ್ಮ ಬೆನ್ನ ಹಿಂದೆ ನೋಡಿ, "ಗಿರಣಿ ಯಾಕ ಬಂದ್ ಐತಿ ಅಮ್ಮೀ?" ಎಂದಳು.

"ಕರೆಂಟ್ ಹೋಗಿ ಒಂದೂವರಿ ತಾಸಾತು" ಎಂದೆ.

"ಹೌದ್ರಿ? ಯಾವಾಗ?"

ಮಮ್ತಾಜರ ಹಣೆಯಿಂದ, ಕುತ್ತಿಗೆಯಿಂದ ಬೆವರು ಧಾರಾಕಾರ ಇಳಿಯುತ್ತಿತ್ತು, ರವಿಕೆ ಬೆನ್ನಿಗೆ ಅಂಟಿತ್ತು. ರುಬೀನಾ ತಾಯಿಯ ಕಂಕುಳಿನ ಕೊಡದಲ್ಲಿ ಕೈ ಹಾಕಿ ಓಢಣಿ ತೆಗೆದಳು, ಹಿಂಡಿದಳು, ತಾಯಿಯ ತಲೆಯ ಮೇಲೆ ಹೊದಿಸಿದಳು. "ಇವತ್ತ ಇದು ನಿನಗ ಬೇಕಾಗೇತಿ" ಎಂದಳು.